ಗುಡಿಸಲು ಖಾಲಿಯಾದವು ಅಂದರೆ ನಿಮ್ಮನ್ನು ಬೇಡ ಅಂದರು ಅಂತಲ್ಲ

ಪ್ರಶ್ನೆ: ನನಗೆ 21 ವರ್ಷ. ಗಂಗಾವತಿಯಲ್ಲಿ ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ. ಬುಡಕಟ್ಟು ಜನರಿಗೆ ಕೈಲಾದದ್ದು ಮಾಡಬೇಕು ಅಂತ ಮೊದಲಿಂದ ಆಸೆ. ಕಳೆದ ಜುಲೈಯಿಂದ ಅಲೆಮಾರಿ ಸಮುದಾಯದವರಾದ ಬುಡ್ಗ ಜಂಗಮರ ಗುಡಿಸಲುಗಳಿಗೆ ಹೋಗಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆ. ಜೊತೆಗೆ ಬಂದ ಇಬ್ಬರು ಗೆಳತಿಯರು ಎರಡೇ ತಿಂಗಳಿಗೆ ಬಿಟ್ಟರು. ನಾನು ಬಿಡಲಿಲ್ಲ. 18 ಮಕ್ಕಳು ಬರುತ್ತಿದ್ದರು. ನವೆಂಬರ್‌ನಲ್ಲಿ ಅವರ ಫೋಟೋ ಹಾಕಿ ‘ನೋಟ್‌ಬುಕ್ ಕೊಡಿಸಿ’ ಅಂತ ಇನ್‌ಸ್ಟಾಗ್ರಾಂನಲ್ಲಿ ಬರೆದೆ. ನೋಟ್‌ಬುಕ್ ಬಂದವು. ಆದರೆ ಅಲ್ಲಿಯ ಒಬ್ಬ ಅಜ್ಜಿ ‘ನಮ್ಮ ಹುಡುಗರ ಫೋಟೋ ಯಾಕ ಹಾಕಿದಿ’ ಅಂತ ಎಲ್ಲರ ಮುಂದೆ ಬೈದರು. ಒಬ್ಬ ತಾಯಿ ಜಾತಿ ಸರ್ಟಿಫಿಕೇಟ್ ಮಾಡಿಸೋಕೆ ದುಡ್ಡು ಕೇಳಿದರು. ನನ್ನ ಸ್ಕಾಲರ್‌ಶಿಪ್ ದುಡ್ಡಿನಲ್ಲಿ 2,000 ರೂಪಾಯಿ ಕೊಟ್ಟೆ. ಏಜೆಂಟ್ ತಿಂದುಹಾಕಿದ, ಪತ್ರ ಬರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ಸಂಜೆ ಹೋದರೆ ಮುಕ್ಕಾಲು ಗುಡಿಸಲು ಖಾಲಿ. ನನಗೆ ಒಬ್ಬರೂ ಒಂದು ಮಾತು ಹೇಳಿರಲಿಲ್ಲ. ಅಲ್ಲೇ ಕೂತು ಅತ್ತೆ. ಅಪ್ಪ ಅಂತೂ ‘ಅಂಥವರ ಸಹವಾಸ ಬೇಡ’ ಅಂತಾರೆ. ನಾನು ಮಾಡಿದ್ದು ಸಹಾಯಾನಾ, ತೊಂದರೆನಾ? ಬಿಟ್ಟುಬಿಡಲಾ? ಇಲ್ಲ, ಕಾಡಿನ ಕಡೆ ಹೋಗಿ ನಿಜವಾದ ಬುಡಕಟ್ಟಿನವರ ಜೊತೆ ಕೆಲಸ ಮಾಡಲಾ? ಇನ್ನೊಂದು ಮಾತು. ಉಳಿದಿರುವ ಗುಡಿಸಲಿನಲ್ಲಿ 14 ವರ್ಷದ ಹುಡುಗಿಗೆ ಮದುವೆ ಮಾತು ನಡೆದಿದೆ ಅಂತ ಕಿವಿಗೆ ಬಿದ್ದಿದೆ. ಯಾರಿಗಾದರೂ ಹೇಳಿದರೆ ನನ್ನನ್ನು ಮತ್ತೆ ಹತ್ತಿರ ಸೇರಿಸಲ್ಲ. ಏನು ಮಾಡಲಿ?
— ಹೆಸರು ಬೇಡ, ಗಂಗಾವತಿ

ಉತ್ತರ: ತಂಗಿ, ನಿಮ್ಮ ಪತ್ರದ ಕೊನೇ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದು ಒಂದು ವಾರ ಕಾಯುತ್ತದೆ, ಇದು ಕಾಯಲ್ಲ. ಗುಡಿಸಲುಗಳು ಯಾವ ಕಡೆ ಇವೆ ಅಂತ ನೀವು ಬರೆದಿದ್ದ ಸಾಲನ್ನು ನಾನು ತೆಗೆದಿದ್ದೇನೆ. ಅದೂ ಈ ಹುಡುಗಿಗಾಗಿಯೇ.

ಇವತ್ತೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ. ನಿಮ್ಮ ಹೆಸರು ಹೊರಗೆ ಬರಬಾರದು ಅಂತ ಹೇಳಬಹುದು. ಅಥವಾ ನಿಮ್ಮ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನು ನೇರವಾಗಿ ಕಂಡು ಹೇಳಿ. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಅಂಥ ಮದುವೆ ಲೆಕ್ಕಕ್ಕೇ ಬರುವುದಿಲ್ಲ. ನೀವೇ ಹೋಗಿ ತಾಯಿ ತಂದೆಗೆ ಬುದ್ಧಿ ಹೇಳಲು ಮಾತ್ರ ಹೋಗಬೇಡಿ. ಸುದ್ದಿ ಹೊರಗೆ ಹೋಗಿದೆ ಅಂತ ಗೊತ್ತಾದ ರಾತ್ರಿಯೇ ಹುಡುಗಿಯನ್ನು ಬೇರೆ ಊರಿಗೆ ಕರೆದೊಯ್ದು ತಾಳಿ ಕಟ್ಟಿಸಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ನಿಮ್ಮನ್ನು ಹತ್ತಿರ ಸೇರಿಸದೆ ಇರಬಹುದು, ನಿಜ. ರಾಯಚೂರು ಜಿಲ್ಲೆಯಲ್ಲಿ ಒಂದು ಮದುವೆ ನಿಂತ ಮೇಲೆ ಒಂದು ಇಡೀ ಹಟ್ಟಿ ನನ್ನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿತ್ತು. ಆದರೂ ಹೇಳಲೇಬೇಕು. ಆ ಮನೆಯವರನ್ನು ಕೆಟ್ಟವರು ಅಂತ ಮಾತ್ರ ನೋಡಬೇಡಿ. ಬಾಗಿಲಿಲ್ಲದ ಗುಡಿಸಲು, ಶೌಚಕ್ಕೆ ಬಯಲು. ಹಗಲು ಹೊತ್ತು ತಾಯಿ ತಂದೆ ಇಬ್ಬರೂ ಊರೂರು ತಿರುಗುತ್ತಾರೆ. ದೊಡ್ಡವಳಾದ ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗಬೇಕು? ಆ ಭಯಕ್ಕೆ ಅವರಿಗೆ ಕಾಣುವ ದಾರಿ ಮದುವೆ. ಅದಕ್ಕೇ ಅಧಿಕಾರಿಗಳ ಹತ್ತಿರ ‘ಮದುವೆ ನಿಲ್ಲಿಸಿ’ ಅಂದು ಸುಮ್ಮನಾಗಬೇಡಿ. ‘ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಸೀಟು ಕೊಡಿಸಿ’ ಅಂತಲೂ ಕೇಳಿ. ಉಳಿದುಕೊಂಡು ಓದುವ ಶಾಲೆ ಅದು. ಮುಕ್ಕಾಲು ಭಾಗ ಸೀಟು ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಹೆಣ್ಣುಮಕ್ಕಳಿಗೇ ಮೀಸಲು. ಹುಡುಗಿ ರಾತ್ರಿ ಎಲ್ಲಿ ಮಲಗುತ್ತಾಳೆ ಅನ್ನುವ ಚಿಂತೆ ತೀರಿದರೆ ಎಷ್ಟೋ ತಾಯಂದಿರು ತಾವೇ ಮದುವೆ ಮಾತು ಬಿಡುತ್ತಾರೆ.

ಈಗ ಖಾಲಿ ಗುಡಿಸಲಿನ ವಿಷಯ. ಆ ಸಂಜೆ ನಿಮಗೆ ಎಷ್ಟು ನೋವಾಗಿರಬೇಕು ಅಂತ ಅರ್ಥವಾಗುತ್ತದೆ. ‘ಇವರಿಗೆ ಓದು ಬೇಡ’, ‘ಅಲೆಯೋದು ಇವರ ರಕ್ತದಲ್ಲೇ ಇದೆ’ ಅಂತ ಸುತ್ತಮುತ್ತಲಿನವರು ನಿಮಗೆ ಈಗಾಗಲೇ ಹೇಳಿರುತ್ತಾರೆ. ಎರಡೂ ಸುಳ್ಳು. ಅವರು ಹೋದದ್ದು ಡಿಸೆಂಬರ್‌ನಲ್ಲಿ, ಅಲ್ವಾ? ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಭತ್ತದ ಕಟಾವು ಮುಗಿದು ಊರಲ್ಲಿ ದುಡ್ಡು ಓಡಾಡುವ ಹೊತ್ತು ಅದು. ನಿಮ್ಮ ಮಕ್ಕಳ ತಾಯಂದಿರು ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ನಾನು ಕಂಡ ಬುಡ್ಗ ಜಂಗಮ ಮನೆಗಳಲ್ಲಿ ಹೆಚ್ಚಿನವರು ಕೂದಲ ವ್ಯಾಪಾರದವರು. ನಮ್ಮ ಮನೆಗಳಲ್ಲಿ ಅವ್ವ ತಲೆ ಬಾಚಿ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆ ಸಂದಿಯಲ್ಲಿ ಸಿಕ್ಕಿಸಿ ಇಡುತ್ತಾಳಲ್ಲ, ಅದನ್ನು ತೆಗೆದುಕೊಂಡು ಸ್ಟೀಲ್ ಬಟ್ಟಲೋ ಪ್ಲಾಸ್ಟಿಕ್ ಕೊಡವೋ ಕೊಡುವವರು ಇವರೇ. ಸಂಜೆ ಗುಡಿಸಲ ಮುಂದೆ ಕೂತು ಆ ಉಂಡೆಗಳನ್ನು ಬೆರಳಿನಿಂದ ಬಿಡಿಸಿ, ಮಣ್ಣು ಕೊಡವಿ ಚೀಲಕ್ಕೆ ತುಂಬುತ್ತಾರೆ. ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರ ಕೂದಲ ಉದ್ಯಮಕ್ಕೆ ಹೆಸರಾದ ಊರು. ಇಂಥ ಚೀಲಗಳೂ ಆ ಉದ್ಯಮಕ್ಕೆ ಹೋಗುತ್ತವೆ. ಸುಗ್ಗಿ ಮುಗಿದ ಎರಡು ಮೂರು ತಿಂಗಳು ತಿರುಗದಿದ್ದರೆ ಅವರ ವರ್ಷದ ಲೆಕ್ಕವೇ ತಪ್ಪುತ್ತದೆ.

ಹಿಂದೆ ಇದೇ ದಾರಿಯಲ್ಲಿ ಅವರ ಅಜ್ಜಿಯರು ಬುರ್ರಕಥೆ ಹಾಡುತ್ತಾ ಹೋಗುತ್ತಿದ್ದರು. ಕಣದಲ್ಲಿ ರಾಶಿ ಬಿದ್ದಾಗ ಹಾಡಿ ಕಾಳು ಪಡೆಯುತ್ತಿದ್ದರು. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮ ಇದೇ ಸಮುದಾಯದವರು, ಬಳ್ಳಾರಿ ಸೀಮೆಯವರು. ಓದು ಬರಹ ಇರಲಿಲ್ಲ. ಆದರೂ ರಾತ್ರಿಗಟ್ಟಲೆ ಹಾಡುವಷ್ಟು ದೊಡ್ಡ ದೊಡ್ಡ ಕಾವ್ಯಗಳು ಅವರ ನಾಲಗೆ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಹಾಡು ಕೇಳುವವರು ಕಡಿಮೆಯಾದರು, ಕೈಗೆ ಕೂದಲ ಚೀಲ ಬಂತು. ತಿರುಗುವ ದಾರಿ, ತಿರುಗುವ ತಿಂಗಳು ಬದಲಾಗಲಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಆ ಸಂಜೆ ನಿಮಗೆ ಅಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಅವರು ನಿಮಗೆ ಹೇಳದೆ ಹೋದದ್ದಕ್ಕೂ ದೊಡ್ಡ ಕಾರಣ ಹುಡುಕಬೇಡಿ. ಹೋಗುವುದು, ಬರುವುದು ಅವರಿಗೆ ಸುದ್ದಿಯೇ ಅಲ್ಲ. ನೀವು ದಸರಾ ರಜೆಗೆ ಹೋಗುವಾಗ ಅವರಿಗೆ ಹೇಳಿ ಹೋಗಿದ್ದಿರಾ?

‘ನಿಜವಾದ ಬುಡಕಟ್ಟು’ ಅಂತ ಒಂದು ಮಾತು ಬರೆದಿದ್ದೀರಿ. ಕಾಡಿನಲ್ಲಿ ಇರುವವರೇ ಬುಡಕಟ್ಟು ಅನ್ನುವುದು ನಮ್ಮ ಪಠ್ಯಪುಸ್ತಕದ ಚಿತ್ರ. ನಮ್ಮ ಈ ಸೀಮೆಯಲ್ಲಿ ಕಾಡೇ ಕಡಿಮೆ. ಇಲ್ಲಿ ಇಂಥ ಸಮುದಾಯಗಳು ಊರ ಅಂಚಿನಲ್ಲಿ, ಕಾಲುವೆ ದಂಡೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಇವೆ. ಸರ್ಕಾರದ ಪಟ್ಟಿಯಲ್ಲೂ ಒಬ್ಬೊಬ್ಬರು ಒಂದೊಂದು ಕಡೆ. ಬೇಟೆಯನ್ನೇ ನಂಬಿದ್ದ ಹರಣಶಿಕಾರಿಗಳು ಪರಿಶಿಷ್ಟ ಪಂಗಡ. ಬುಡ್ಗ ಜಂಗಮರು, ಲಂಬಾಣಿಗರು ಪರಿಶಿಷ್ಟ ಜಾತಿ. ಇದು ಬರೀ ಹೆಸರಿನ ವಿಷಯ ಅಲ್ಲ. ತಪ್ಪು ಕಚೇರಿಗೆ ಅರ್ಜಿ ಹಿಡಿದು ಹೋದರೆ ಒಂದು ದಿನದ ದುಡಿಮೆ ಹಾಳು. ಕಾಡಿಗೆ ಹೋಗುವ ಆಸೆ ಇದ್ದರೆ ಮುಂದೆ ಹೋಗಿ, ತಪ್ಪಿಲ್ಲ. ಆದರೆ ಇಲ್ಲಿ ಮನಸ್ಸು ಮುರಿದದ್ದಕ್ಕೆ ಅಲ್ಲಿಗೆ ಹೋದರೆ ಅಲ್ಲೂ ಇದೇ ಆಗುತ್ತದೆ.

ಫೋಟೋ ವಿಷಯದಲ್ಲಿ ನಾನು ಅಜ್ಜಿಯ ಕಡೆ.

ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ರಾಯಚೂರು ಜಿಲ್ಲೆಯ ಒಂದು ಹರಣಶಿಕಾರಿ ಹಟ್ಟಿಗೆ ನೀರಿನ ನಲ್ಲಿ ಇರಲಿಲ್ಲ. ಪತ್ರಿಕೆಯವರೊಬ್ಬರನ್ನು ಕರೆದುಕೊಂಡು ಹೋಗಿ, ಖಾಲಿ ಕೊಡ ಹಿಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದೆ. ಮಕ್ಕಳ ಹಿಂದೆ, ಗುಡಿಸಲಿನ ಮಾಡಿಗೆ ಹಕ್ಕಿ ಹಿಡಿಯುವ ಬಲೆ ತೂಗುಹಾಕಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ. ಫೋಟೋ ಅಚ್ಚಾಯಿತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಮೂರನೇ ದಿನ ಹಟ್ಟಿಗೆ ತಪಾಸಣೆ ಬಂತು. ಬಲೆ ಹೋಯಿತು, ಇಬ್ಬರ ಮೇಲೆ ಕೇಸಾಯಿತು. ನಲ್ಲಿ ಬರಲಿಲ್ಲ. ಆ ಮನೆಯ ಹಿರಿಯರು ನನಗೆ ಬೈಯಲಿಲ್ಲ. ‘ನೀ ಒಳ್ಳೇದ ಮಾಡಾಕ ಬಂದಿದ್ದಿ ಬಿಡವ್ವ’ ಅಂದರು ಅಷ್ಟೆ. ನನಗೆ ಅದು ಇವತ್ತಿಗೂ ಮರೆತಿಲ್ಲ.

ಈ ಭಯದ ಬೇರು ಆಳದಲ್ಲಿದೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ತಂದು ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದ್ದರು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ, ಅದು ರದ್ದಾಯಿತು. ಕಾಯ್ದೆ ಹೋದರೂ ಅನುಮಾನ ಹೋಗಲಿಲ್ಲ. ಊರಲ್ಲಿ ಕಳವಾದರೆ ಪೊಲೀಸರು ಮೊದಲು ಬರುವುದು ಈ ಗುಡಿಸಲುಗಳಿಗೇ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ವಾಟ್ಸ್‌ಆ್ಯಪ್ ಸುಳ್ಳು ದೇಶದ ತುಂಬ ಹರಿದಾಡಿತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನರನ್ನು ಹೊಡೆದು ಕೊಂದರು. ಸತ್ತವರು ಅಲೆಮಾರಿ ಡವರಿ ಗೋಸಾವಿ ಸಮುದಾಯದವರು, ಬೇಡಿ ತಿನ್ನಲು ಬಂದವರು. ಊರಿಂದೂರಿಗೆ ಹೋಗಿ ಅಪರಿಚಿತರ ಮನೆ ಬಾಗಿಲಲ್ಲಿ ನಿಲ್ಲುವ ಹೆಂಗಸಿಗೆ ತನ್ನ ಮಕ್ಕಳ ಮುಖ ಯಾರದೋ ಫೋನಿನಲ್ಲಿ ತಿರುಗುವುದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಹಾಕಿದ್ದನ್ನು ಅಳಿಸಿ. ಅಳಿಸಿದ್ದನ್ನು ಅಜ್ಜಿಗೆ ಫೋನ್ ಹಿಡಿದು ತೋರಿಸಿ, ತಪ್ಪಾಯಿತು ಅನ್ನಿ. ಯಾರಿಗಾದರೂ ಕಳಿಸಿದ್ದರೆ ಅವರಿಗೂ ಅಳಿಸಲು ಹೇಳಿ. ಇನ್ನು ಮುಂದೆ ನೋಟ್‌ಬುಕ್ ಬೇಕಾದರೆ ನೋಟ್‌ಬುಕ್ಕಿನ ಫೋಟೋ ಹಾಕಿದರೆ ಸಾಕು.

ಇನ್ನು ಆ 2,000 ರೂಪಾಯಿ. ದುಡ್ಡು ಕೊಟ್ಟದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆದರೆ ನಿಮ್ಮ ಇಡೀ ಪತ್ರದಲ್ಲಿ ನಿಮ್ಮ ಕೈಲಾಗುವ ಕೆಲಸ ಯಾವುದು ಅಂತ ತೋರಿಸುವ ಸಾಲು ಇದೇ. ಆ ತಾಯಿ ನಿಮ್ಮನ್ನು ಪಾಠ ಕೇಳಲಿಲ್ಲ, ಬಟ್ಟೆ ಕೇಳಲಿಲ್ಲ. ಜಾತಿ ಪ್ರಮಾಣಪತ್ರ ಕೇಳಿದರು. ಅದಿಲ್ಲದೆ ಹಾಸ್ಟೆಲ್ ಇಲ್ಲ, ಸ್ಕಾಲರ್‌ಶಿಪ್ ಇಲ್ಲ, ಸರ್ಕಾರಿ ನಿಗಮದ ಸಾಲ ಇಲ್ಲ.

ಪ್ರಮಾಣಪತ್ರಕ್ಕೆ ನಾಡಕಚೇರಿಯ ಶುಲ್ಕ ನೂರು ರೂಪಾಯಿಯೂ ಆಗಲ್ಲ. ಹಾಗಾದರೆ ಏಜೆಂಟ್ ಹತ್ತಿರ ಯಾಕೆ ಹೋಗುತ್ತಾರೆ? ಬುಡ್ಗ ಜಂಗಮರದ್ದು ಒಂದು ವಿಶೇಷ ತೊಡಕು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ‘ಬೇಡ ಜಂಗಮ, ಬುಡ್ಗ ಜಂಗಮ’ ಅಂತ ಒಂದೇ ಸಾಲಿನಲ್ಲಿದೆ. ‘ಬೇಡ ಜಂಗಮ’ ಹೆಸರಿನಲ್ಲಿ ಬೇರೆಯವರು ಪ್ರಮಾಣಪತ್ರ ಪಡೆಯುತ್ತಾರೆ ಅನ್ನುವ ಜಗಳ ವರ್ಷಗಳಿಂದ ನಡೆದಿದೆ, ಕೋರ್ಟು ಕಚೇರಿ ಹತ್ತಿದೆ. ಹಾಗಾಗಿ ‘ಜಂಗಮ’ ಅನ್ನುವ ಶಬ್ದ ಕಂಡ ಕೂಡಲೇ ಅಧಿಕಾರಿಗಳು ಕೈ ಹಿಂದೆಗೆಯುತ್ತಾರೆ. ಗುಡಿಸಲಿನ ತಾಯಿಗೆ ಈ ಜಗಳದ ಗಂಧವೂ ಗೊತ್ತಿರಲ್ಲ. ಅವರಿಗೆ ಗೊತ್ತಾಗುವುದು ಇಷ್ಟೇ: ಹೋದಾಗಲೆಲ್ಲ ‘ನಾಳೆ ಬಾ’ ಅಂತಾರೆ. ಇನ್ನು ಗ್ರಾಮ ಆಡಳಿತಾಧಿಕಾರಿ ಸ್ಥಳ ಪರಿಶೀಲನೆಗೆ ಬಂದಾಗ ಗುಡಿಸಲಿನಲ್ಲಿ ಯಾರೂ ಇರಲ್ಲ, ವ್ಯಾಪಾರಕ್ಕೆ ಹೋಗಿರುತ್ತಾರೆ. ‘ಅರ್ಜಿದಾರರು ವಾಸವಿಲ್ಲ’ ಅಂತ ಷರಾ ಬೀಳುತ್ತದೆ.

ಇಲ್ಲಿ ನಿಮ್ಮಂಥ ಓದಿದ ಹುಡುಗಿ ಪಕ್ಕದಲ್ಲಿ ನಿಂತರೆ ಬಹಳ ವ್ಯತ್ಯಾಸ ಆಗುತ್ತದೆ. ಅರ್ಜಿ ಕೊಟ್ಟು, ಅರ್ಜಿಯ ಗುರುತಿನ ಜಿಎಸ್‌ಸಿ ನಂಬರ್ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಸಕಾಲ ಕಾಯ್ದೆ ಪ್ರಕಾರ ಇಷ್ಟು ದಿನದಲ್ಲಿ ಕೊಡಬೇಕು ಅಂತ ಇದೆ, ಆ ನಂಬರಿನಿಂದ ಅರ್ಜಿ ಎಲ್ಲಿ ನಿಂತಿದೆ ಅಂತ ನೋಡಬಹುದು. ಆ ಮನೆತನದಲ್ಲಿ ಯಾರಿಗಾದರೂ, ಚಿಕ್ಕಪ್ಪನಿಗೋ ಸೋದರತ್ತೆ ಮಗನಿಗೋ, ಹಳೇ ಪ್ರಮಾಣಪತ್ರ ಅಥವಾ ಶಾಲೆ ದಾಖಲೆ ಇದ್ದರೆ ಹುಡುಕಿಸಿ. ನನ್ನ ಅನುಭವದಲ್ಲಿ ಹತ್ತು ಭಾಷಣಕ್ಕಿಂತ ಅಂಥ ಒಂದು ಹಳದಿಯಾದ ಕಾಗದ ಹೆಚ್ಚು ಕೆಲಸ ಮಾಡುತ್ತದೆ. ಪರಿಶೀಲನೆಗೆ ಯಾವತ್ತು ಬರುತ್ತಾರೆ ಅಂತ ಮೊದಲೇ ಕೇಳಿ, ಆ ದಿನ ಮನೆಯವರು ಇರುವಂತೆ ನೋಡಿಕೊಳ್ಳಿ. ತಿರಸ್ಕಾರವಾದರೆ ಬಾಯಿಮಾತು ಒಪ್ಪಬೇಡಿ, ಬರೆದ ಆದೇಶ ಕೇಳಿ. ಅದರ ಮೇಲೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಕೊಡಬಹುದು.

ಇದರಲ್ಲೂ ಅಪಾಯ ಇದೆ. ಒಬ್ಬರಿಗೆ ಮಾಡಿಸಿದರೆ ನಾಳೆ 20 ಜನ ಬರುತ್ತಾರೆ, ನಿಮ್ಮ ಪರೀಕ್ಷೆ ಹತ್ತಿರ ಇರುತ್ತದೆ. ‘ಮಾಡಿಸಿಕೊಡ್ತೀನಿ’ ಅಂತ ಯಾವತ್ತೂ ಹೇಳಬೇಡಿ. ‘ಜೊತೆಗೆ ಬರ್ತೀನಿ’ ಅನ್ನಿ. ಅಸಲು ಕಾಗದ ಯಾವುದನ್ನೂ ನಿಮ್ಮ ಮನೆಗೆ ತರಬೇಡಿ, ಕಳೆದರೆ ಮತ್ತೆ ಮಾಡಿಸುವುದು ಅವರಿಗೆ ಜೀವ ಹೋದಂತೆ. ದುಡ್ಡು ಕೈಯಿಂದ ಕೊಡಬೇಡಿ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದ ದಿನ ಗುಡಿಸಲುಗಳ ನಡುವೆ ಜಗಳ ಹಚ್ಚಿದಂತಾಗುತ್ತದೆ.

ಪಾಠದ ಬಗ್ಗೆ ನಿಮಗೆ ಬೇಜಾರಾಗಬಹುದಾದ ಒಂದು ಮಾತು. ಸಂಜೆ ಪಾಠ ಚೆನ್ನಾಗಿ ನಡೆದಷ್ಟೂ ‘ನಮ್ಮ ಹುಡುಗರಿಗೆ ಅಕ್ಕ ಇಲ್ಲೇ ಕಲಿಸ್ತಾಳ’ ಅಂತ ಶಾಲೆ ಹಿಂದೆ ಬೀಳುವುದುಂಟು. ಆ 18ರಲ್ಲಿ ಎಷ್ಟು ಮಕ್ಕಳ ಹೆಸರು ಶಾಲೆಯಲ್ಲಿದೆ ಅಂತ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಜನನ ಪತ್ರ ಇಲ್ಲ, ಟಿಸಿ ಬಂದಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಸೇರಿದ ಮೇಲೆ ಪ್ರತಿ ಮಗುವಿಗೂ ಶಿಕ್ಷಣ ಇಲಾಖೆಯ ಒಂದು ಗುರುತಿನ ನಂಬರ್, ಸ್ಯಾಟ್ಸ್ ನಂಬರ್, ಇರುತ್ತದೆ. ಅದನ್ನು ರೇಷನ್ ಕಾರ್ಡಿನ ಕವರಿನೊಳಗೆ ಬರೆದು ಇಟ್ಟುಕೊಳ್ಳಲು ತಾಯಂದಿರಿಗೆ ಹೇಳಿ. ಸಿಂಧನೂರಿಗೋ ಸಿರುಗುಪ್ಪಕ್ಕೋ ಹೋದಾಗ ಅಲ್ಲಿಯ ಶಾಲೆಯಲ್ಲಿ ಆ ನಂಬರ್ ತೋರಿಸಿದರೆ ಮಗುವಿನ ಲೆಕ್ಕ ಮೊದಲಿಂದ ಶುರುವಾಗುವುದಿಲ್ಲ. ರೇಷನ್ ಕೂಡ ಈಗ ಬೇರೆ ಊರಿನ ಅಂಗಡಿಯಲ್ಲಿ ಸಿಗುತ್ತದೆ, ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಇನ್ನೊಂದು. ಆ ಮಕ್ಕಳ ಮನೆಮಾತು ತೆಲುಗು. ಕನ್ನಡ ಪುಸ್ತಕ ಬಿಚ್ಚಿದ ಕೂಡಲೇ ಸುಮ್ಮನಾಗುವ ಮಗು ದಡ್ಡ ಅಲ್ಲ. ನಿಮ್ಮ ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ, ನಿಮಗೂ ನಾಲ್ಕು ಮಾತು ತೆಲುಗು ಬರುತ್ತದೆ ಅಂದುಕೊಂಡಿದ್ದೇನೆ. ಮೊದಲು ಅದರಲ್ಲೇ ಮಾತಾಡಿಸಿ.

ಅಪ್ಪನ ಜೊತೆ ವಾದ ಮಾಡಬೇಡಿ. ‘ಅಂಥವರು’ ಅನ್ನುವ ಮಾತು ತಪ್ಪು. ಮಗಳು ಕತ್ತಲಾದ ಮೇಲೆ ಊರಾಚೆಯಿಂದ ಒಬ್ಬಳೇ ಬರುತ್ತಾಳೆ ಅನ್ನುವ ಚಿಂತೆ ತಪ್ಪಲ್ಲ. ಒಂದು ಭಾನುವಾರ ಬೆಳಗ್ಗೆ ಅವರನ್ನೂ ಕರೆದುಕೊಂಡು ಹೋಗಿ. ಗುಡಿಸಲ ಮುಂದೆ ಕೂರಿಸಿ ಚಹಾ ಕೊಡುತ್ತಾರೆ, ಕುಡಿಯಲಿ. ನೀವೂ ಸಂಜೆಯ ಬದಲು ಬೆಳಗ್ಗೆ ಹೋಗಿ, ಹಗಲಲ್ಲೇ ಬನ್ನಿ.

ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಕು ಅನ್ನಿಸಿದರೆ ಬಿಡಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ನಿಮ್ಮ ಗೆಳತಿಯರು ಬಿಟ್ಟಂತೆ ಬೇಡ. ಮಕ್ಕಳಿಗೆ ಹೇಳಿ, ಯಾವ ದಿನದಿಂದ ಬರಲ್ಲ ಅಂತ ಹೇಳಿ, ಯಾರ ಅರ್ಜಿ ಎಲ್ಲಿದೆ ಅಂತ ಬರೆದು ಅವರ ಕೈಗೇ ಕೊಟ್ಟು ಬಿಡಿ. ಹೇಳದೆ ಹೋಗುವವರನ್ನು ಆ ಮಕ್ಕಳು ಬಹಳ ಕಂಡಿದ್ದಾರೆ. ಮುಂದುವರಿಸುವುದಾದರೆ ವಾರಕ್ಕೆ ಐದು ಸಂಜೆ ಬೇಡ. ಒಂದೇ ದಿನ ಇಟ್ಟುಕೊಳ್ಳಿ, ಆ ದಿನ ಮಾತ್ರ ತಪ್ಪಿಸಬೇಡಿ. ನನ್ನ ಮನಸ್ಸು ಕೇಳಿದರೆ, ಈ ವರ್ಷ ಪಾಠ ಕಡಿಮೆ ಮಾಡಿ ಮೂರು ಮನೆಗಳ ಕಾಗದದ ಕೆಲಸ ಹಿಡಿಯಿರಿ ಅನ್ನುತ್ತೇನೆ. ಮೂರೇ. ಯಾವ ಮೂರು ಅಂತ ನೀವು ಆರಿಸಬೇಡಿ, ಅಲ್ಲಿಯ ಹಿರಿಯರನ್ನು ಕೇಳಿ. ಬೈದರಲ್ಲ, ಆ ಅಜ್ಜಿಯನ್ನೇ ಮೊದಲು ಕೇಳಿ. ಎಲ್ಲರ ಮುಂದೆ ಬೈಯುವ ಧೈರ್ಯ ಇರುವವರ ಮಾತು ಅಲ್ಲಿ ನಡೆಯುತ್ತದೆ.

ಅವರು ತಿರುಗಾಟ ಮುಗಿಸಿ ವಾಪಸ್ ಬರುವ ಹೊತ್ತಿಗೆ ನಿಮ್ಮ ಪರೀಕ್ಷೆಯೂ ಮುಗಿಯುತ್ತದೆ. ಅಲ್ಲಿಯವರೆಗೆ ಗುಡಿಸಲಲ್ಲಿ ಉಳಿದವರ ಹತ್ತಿರ ಹೋಗಿ ಬನ್ನಿ. 1098ಕ್ಕೆ ಫೋನ್ ಮಾಡಿದ ಮೇಲೆ ಏನಾಯಿತು ಅಂತ ನನಗೆ ಒಂದು ಸಾಲು ಬರೆಯಿರಿ. ನಾನು ಕಾಯುತ್ತಿರುತ್ತೇನೆ.